ನೂರಕ್ಕೆ ಐವತ್ತೊಂದು

ರಸ್ತೆಗೆ ಗೆರೆ ಎಳೆಯುವುದು ನಮ್ಮ ಕಸುಬು.
ಅಂಚಿಗೆ ಬಿಳಿ, ನಡುವೆ ಹಳದಿ,
ಶಾಲೆಯೆದುರು ಪಟ್ಟೆಪಟ್ಟೆ.
ಮಿಸಿಸಿಪಿಯ ಮೆರಿಡಿಯನ್ ಊರು,
ಎರಡು ಲಾರಿ, ಬಣ್ಣ ಉಗುಳುವ ಯಂತ್ರ ಒಂದು, ಆಳು ಏಳು,
ಮತ್ತು ಕ್ಲಿಯೋಫಸ್, ನನ್ನ ಗಂಡ,
ಗೆರೆ ನೆಟ್ಟಗಿದೆಯೇ ನೋಡುವ ನೆಪದಲ್ಲಿ
ಕುರ್ಚಿ ಹಾಕಿಕೊಂಡು ಕೂರುವವನು.

ಸರ್ಕಾರದ ಗುತ್ತಿಗೆ ಬೇಕೇ,
ಮೊದಲು ನೀನು ಯಾರು ಹೇಳು, ಅಂತು ಅರ್ಜಿ.
ನಲವತ್ತು ಪುಟ. ಪುಟಪುಟಕ್ಕೂ ಖಾಲಿ ಚೌಕ.
ಸಣ್ಣ ಉದ್ಯಮವೇ? ಸಣ್ಣದೇ, ಇನ್ನೇನು.
ಹೆಂಗಸಿನ ಒಡೆತನವೇ?
ಮಾಜಿ ಸೈನಿಕರೇ? ಹೌದಾದರೆ, ಅಂಗ ಊನವಾಗಿದೆಯೇ?
ಸಾಮಾಜಿಕವಾಗಿ ಹಿಂದುಳಿದವರೇ, ಆರ್ಥಿಕವಾಗಿಯೋ, ಎರಡೂ ಥರವೋ?
ಐವತ್ತೆಂಟು ವರ್ಷ ವರ್ಲೀನ್ ಟಾಲಿವರ್ ಒಬ್ಬಳೇ ಆಗಿದ್ದೆ.
ಈಗ ಇಷ್ಟು ಜನ ಆಗಬೇಕು
ಒಂದೇ ರಾತ್ರಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ.

ನೂರಕ್ಕೆ ಐವತ್ತೊಂದು ನಿನ್ನದಿರಬೇಕಂತೆ.
ಐವತ್ತು ಸಾಲದಂತೆ.
ಮೂವತ್ತು ವರ್ಷ ಈ ಲೆಕ್ಕ ನಮಗೆ ಬಂದಿರಲಿಲ್ಲ.
ತಟ್ಟೆಯಲ್ಲಿ ಕೊನೆಯ ಕೋಳಿಕಾಲು ಉಳಿದರೆ
ನಂಗೆ ಬೇಡ ಎಂದು ಮೊದಲು ಅಂದವರು ಸೋತಂತೆ, ಅಷ್ಟೆ.
ಕ್ಲಿಯೋಫಸ್ ರುಜು ಹಾಕಿದ, ಒಂದು ಬಿಟ್ಟುಕೊಟ್ಟ,
ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದ:
ಆ ಒಂದು, ನನ್ನ ಮೈಯಲ್ಲಿ ಯಾವುದು?
ಮೊಣಕಾಲು ಅಂದೆ, ಹೇಗೂ ಅದು ಕೆಲಸಕ್ಕೆ ಬಾರದು.
ನಕ್ಕ.
ಆಮೇಲೆ ಬಹಳ ಹೊತ್ತು ನಗಲಿಲ್ಲ.

ಆಮೇಲೆ ನಕ್ಷೆ.
ಹಿಂದುಳಿದ ವಲಯ ನಮ್ಮ ಬೀದಿಯ ನಟ್ಟನಡುವೆ ಮುಗಿಯುತ್ತದೆ.
ಈ ಸಾಲು ಹಿಂದುಳಿದಿದೆ, ಆ ಸಾಲು ಇಲ್ಲ.
ನಡುವಿನ ಹಳದಿ ಗೆರೆ ಎಳೆದವಳು ನಾನೇ,
ಹೋದ ಮಾರ್ಚಿನಲ್ಲಿ, ಎರಡು ಕೋಟು;
ಬಡತನಕ್ಕೆ ಅದು ಗಡಿ ಎಂದು ಯಾರೂ ಹೇಳಿರಲಿಲ್ಲ.
ಆಳುಗಳಲ್ಲಿ ನೂರಕ್ಕೆ ಮೂವತ್ತೈದು ಈಚೆಯವರಿರಬೇಕು.
ಏಳರಲ್ಲಿ ಮೂವರು ಇದ್ದರು, ಸರಿಹೋಗಿತ್ತು.
ಅಷ್ಟರಲ್ಲಿ ಡೆಮೆಟ್ರಿಸ್ ಪ್ರೀತಿಯಲ್ಲಿ ಬಿದ್ದ.
ಎದುರು ಸಾಲಿನವಳು, ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗಿ.
ಎರಡು ಚೀಲ, ಒಂದು ಫ್ಯಾನು, ಮೀನಿನ ತೊಟ್ಟಿ ತಬ್ಬಿಕೊಂಡು
ನೀರು ತುಳುಕಿಸುತ್ತ ರಸ್ತೆ ದಾಟಿದ.
ಹದಿನೆಂಟು ಹೆಜ್ಜೆ.
ಅವನು ಮುಂದುವರಿದವನಾದ.
ನನ್ನ ಅರ್ಜಿ ಹಿಂದೆ ಬಿತ್ತು.
ಅವಳನ್ನೇ ಈಚೆ ಕರೆದುಕೊಂಡು ಬಾರೋ ಎಂದು
ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ.
ಕೇಕು ಕಳಿಸಿದೆ. ಹೊಸ ಆಳನ್ನು ಹುಡುಕಿದೆ, ಈಚೆ ಸಾಲಿನಲ್ಲೇ.

ಕೊನೆಯ ಪುಟದಲ್ಲಿ ಚೌಕವಿಲ್ಲ, ಬರೀ ಬಿಳಿ.
ನಿಮಗಾದ ಅನ್ಯಾಯವನ್ನು ವಿವರಿಸಿ.
ತಾರೀಕು, ಸ್ಥಳ, ಆದ ನಷ್ಟ.
ಬ್ಯಾಂಕಿನವನು ನನ್ನ ತಲೆಯ ಮೇಲಿಂದ ಬಾಗಿಲಾಚೆ ಇಣುಕಿ
ಮಾಲೀಕರು ಹಿಂದೆ ಬರ್ತಿದ್ದಾರಾ, ಅಂದದ್ದನ್ನು ಬರೆದೆ.
ಕಚೇರಿಯ ಪ್ರುಯಿಟ್ ಮೇಡಂ ಫೋನು ಮಾಡಿದಳು,
ಒಳ್ಳೆಯವಳು, ಮೆತ್ತಗೆ ಮಾತಾಡುವವಳು:
ಇದು ಸ್ವಲ್ಪ ತೆಳುವಾಯಿತು, ಇನ್ನೊಂದು ಉದಾಹರಣೆ ಇದ್ದರೆ...

ಇದ್ದರೆ!

ನನ್ನ ಅಪ್ಪ ಇದೇ ರಸ್ತೆಗೆ ಡಾಂಬರು ಸುರಿದವನು.
ಕೂಲಿಯ ಚೀಟಿಯಲ್ಲಿ ಅವನಿಗೆ ಹೆಸರಿಲ್ಲ, ಹದಿನಾಲ್ಕು ಎಂದಿದೆ.
ಚೀಟಿ ನನ್ನ ಬಳಿಯೇ ಇದೆ, ಹೊಲಿಗೆಡಬ್ಬಿಯಲ್ಲಿ.
ಲಗತ್ತಿಸಬಹುದಿತ್ತು.
ಲಗತ್ತಿಸಲಿಲ್ಲ.
ಟೆಂಡರಿನ ಸಭೆಗೆ ತಪ್ಪು ಗಂಟೆ ಹೇಳಿದ್ದರಲ್ಲ,
ಅದನ್ನು ಬರೆದು, ನಷ್ಟವನ್ನು ಡಾಲರಿನಲ್ಲಿ ಹಾಕಿ, ಕಳಿಸಿದೆ.

ಉತ್ತರ ಬರಲು ತೊಂಬತ್ತು ದಿನ.

ಅಲ್ಲಿಯವರೆಗೆ ಕಿರಾಣಿ ಅಂಗಡಿಯ ಮುಂದಿನ ಬಯಲು,
ನಸುಕಿನ ನಾಲ್ಕು ಗಂಟೆ, ಕಾರು ನಿಲ್ಲಿಸಲು ಚೌಕ ಎಳೆಯುವ ಕೆಲಸ.
ಅರವತ್ತು ಚೌಕ ಎಳೆದೆ.
ಒಳಗೆ ಬಂದು ನಿಲ್ಲುವವರು ಯಾರೆಂದು ಕೇಳಲಿಲ್ಲ.
ಸೊಟ್ಟ, ಅಂದ ಕ್ಲಿಯೋಫಸ್ ಕುರ್ಚಿಯಿಂದ.
ನೂರಕ್ಕೆ ನಲವತ್ತೊಂಬತ್ತರ ಮಾತು,
ಆದರೂ ಬಗ್ಗಿ ನೋಡಿದೆ.
ಹೌದು, ಸೊಟ್ಟ.